ಎಣ್ಣೆ ಹಚ್ಚಿದ ಕೋವಿ

ವಿದೇಶದಲ್ಲಿ ನಾವು ನೆಲೆಸಿದ್ದ ಸದರ್ನ್ ರಿವರ್ ಬಡಾವಣೆಯಲ್ಲಿ ಪಕ್ಕದ ಮನೆಯಲ್ಲಿದ್ದ ಕೊಡಗಿನ ಅಂಕಲ್‌ಗೆ ಒಂದು ಮಾತು ರೂಢಿಯಾಗಿತ್ತು: "ಇದ್ರಲ್ಲಿ ಸರ್ಕಾರಕ್ಕೇನು ಕೆಲ್ಸ?" ಸೋಲಾರ್ ಸಬ್ಸಿಡಿಗೂ ಅದೇ, ಭಾನುವಾರ ಅಂಗಡಿಗಳು ತಡವಾಗಿ ತೆರೆಯಬೇಕೆಂಬ ನಿಯಮಕ್ಕೂ ಅದೇ. ಹೇಳುವಾಗ ಟೋಪಿಯನ್ನು ಹಿಂದಕ್ಕೆ ಸರಿಸುತ್ತಿದ್ದರು. ನಾನು ವಾದಿಸುತ್ತಿದ್ದೆ. ಸೋತ ನೆನಪಿಲ್ಲ, ಬಹುಶಃ ನನ್ನ ಅನುಕೂಲಕ್ಕೆ ಮರೆತಿದ್ದೇನೆ.

ಹೊಸ ಬಂದೂಕು ಕಾನೂನು ಬಂದಾಗ, ಪ್ರತಿ ವರ್ಷ ಕೈಲ್ ಮುಹೂರ್ತದ ಹಬ್ಬಕ್ಕೆ ಹೂವಿಟ್ಟು ಪೂಜಿಸುತ್ತಿದ್ದ ಕೋವಿಯನ್ನು ಅವರು ಪೊಲೀಸರಿಗೆ ಒಪ್ಪಿಸಬೇಕಾಯಿತು. ಜೊತೆಗೆ ನನ್ನನ್ನು ಕರೆದರು. ಹೊರಡುವ ಮುನ್ನ ಅದನ್ನು ಒರೆಸಿ, ನಳಿಗೆಗೆ ಎಣ್ಣೆ ಹಚ್ಚಿದರು.

"ಅಂಕಲ್, ಹೇಗೂ ಪುಡಿ ಮಾಡ್ತಾರಲ್ಲ?"

"ಮಾಡ್ಲಿ. ತುಕ್ಕು ಹಿಡಿಸಿ ಕೊಟ್ಟ ಅನ್ನಬಾರ್ದು."

ಕಾರಿನಲ್ಲಿ ತಡೆಯಲಾರದೆ ಹೇಳಿಬಿಟ್ಟೆ: "ಅಂಕಲ್, ನಾನು ಈ ಕಾನೂನಿನ ಪರ."

"ಗೊತ್ತಪ್ಪಾ. ಅದಕ್ಕೇ ನಿನ್ನ ಕರೆದದ್ದು. ನಮ್ಮೋರಾಗಿದ್ರೆ ದಾರಿಯುದ್ದಕ್ಕೂ ಸಮಾಧಾನ ಹೇಳ್ತಿದ್ರು."

ಬರಿಗೈಯಲ್ಲಿ ಠಾಣೆಯಿಂದ ಹೊರಬಂದು ಟೋಪಿಯನ್ನು ಹಿಂದಕ್ಕೆ ಸರಿಸಿದರು. ಅಂಚಿಗೆ ಬೆರಳಿನ ಎಣ್ಣೆ ಹತ್ತಿತು. ಆ ಮಾತಿಗಾಗಿ ಕಾದೆ. ಅವರು ಹೇಳಲಿಲ್ಲ. ಕಾದದ್ದು ವಾದಿಸಲೆಂದೋ, ಒಮ್ಮೆಯಾದರೂ ತಲೆಯಾಡಿಸಲೆಂದೋ, ನನಗೆ ಇವತ್ತಿಗೂ ಖಚಿತವಿಲ್ಲ.