ಮಳೆ ಮಾಪಕದ ಮುಚ್ಚಳ

ಚೆಂಡು ಹೂವಿನ ವಾಸನೆಗೆ ನಿಮಗೆ ದಸರೆ ನೆನಪಾಗುತ್ತದೆ, ನನಗೆ ಮುಚ್ಚಳ. ಇವತ್ತೂ ಶಾಲೆಯಲ್ಲಿ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಹೂ ಬಂದದ್ದೇ ತಡ, ಅಡುಗೆ ಕೋಣೆಗೆ ಓಡಿ ಸಾರಿನ ಪಾತ್ರೆಯ ಮುಚ್ಚಳ ತಂದೆ.

ಹೂಲಿ ಕಡೆಯ ನಮ್ಮ ಶಾಲೆಗೆ ಹಿಂದೊಮ್ಮೆ ಪರಿಸರ ಸಂಘದ ಹೆಸರಿನಲ್ಲಿ ಮಳೆ ಮಾಪಕ ಬಂತು. ದಿನಾ ಬೆಳಿಗ್ಗೆ ಅಳೆದು ಗೇಟಿನ ಹಲಗೆಯ ಮೇಲೆ ಬರೆಯಬೇಕು. ಒಂದು ದಿನವೂ ತಪ್ಪದ ಶಾಲೆಯ ಒಂದು ಮಗುವಿಗೆ ಕಿತ್ತೂರಿನಾಚೆಯ ಕಾಡಿನಲ್ಲಿ ನಿಸರ್ಗ ಶಿಬಿರ. ಹೊಣೆ ಹಂಚಿದ ಸಭೆಗೆ ನಾನು ಹೋಗಿರಲಿಲ್ಲ, ಹಾಗಾಗಿ ಪರಿಸರ ಶಿಕ್ಷಕ ನಾನೇ ಆದೆ.

ಅಳೆಯುವವಳು ಏಳನೆಯ ತರಗತಿಯ ನೀಲವ್ವ. ಮರಗಳಿಲ್ಲದ ಎರೆ ಹೊಲಗಳ ನಡುವೆ ಬೆಳೆದ ಅವಳಿಗೆ ಶಿಬಿರದ್ದೇ ಧ್ಯಾನ.

"ಸರ, ಕಾಡಿನ್ಯಾಗ ಬಿಸಲು ನೆಲಕ್ಕ ಬೀಳೂದಿಲ್ಲಂತ, ಖರೇನ್ರಿ?"

ಕಾಡನ್ನು ನಾನೂ ಕಂಡಿರಲಿಲ್ಲ. ಪರಿಸರ ಶಿಕ್ಷಕನಾದ್ದರಿಂದ ಹೌದೆಂದೆ.

ಆ ವರ್ಷದ ಪೂಜೆಯಲ್ಲಿ ಗಂಟೆ, ಗುದ್ದಲಿ, ಕಂಪ್ಯೂಟರ್ ಎಲ್ಲಕ್ಕೂ ಕುಂಕುಮ ಏರಿತು. ಅಡುಗೆಯ ಶಾಂತಕ್ಕ ಮಾಪಕವನ್ನೂ ಬಿಡಲಿಲ್ಲ. ಭಂಡಾರದ ಅರಿಶಿನ ಹಚ್ಚಿ, ಹೂವಿಟ್ಟು, ಒಂದು ತಂಬಿಗೆ ನೀರೆರೆದು ಕೈ ಮುಗಿದಳು. ನಾನೂ ಮುಗಿದೆ. ರಾತ್ರಿ ನಾಲ್ಕು ಹನಿ ಮಳೆಯೂ ಬಿತ್ತು.

ಬೆಳಿಗ್ಗೆ ನೋಡಿದರೆ ಮಾಪಕದಲ್ಲಿ ಹಳದಿ ನೀರು. ಅದರಲ್ಲಿ ಮಳೆ ಎಷ್ಟು, ಭಕ್ತಿ ಎಷ್ಟು ಎಂದು ಬೇರೆ ಮಾಡುವ ಉಪಾಯವಿರಲಿಲ್ಲ.

"ಅಂದಾಜು ಬರದಬಿಡು," ಎಂದೆ.

"ಅಂದಾಜಿಗೆ ಮಾಪಕ ಯಾಕ ಬೇಕ್ರಿ, ಸರ?"

"ಖಾಲಿ ಬಿಟ್ರ ಶಿಬಿರ ತಪ್ಪತೈತಿ."

"ಗೊತ್ತೈತ್ರಿ," ಎಂದವಳು ಹಲಗೆಯ ಮೇಲೆ ಬರೆದಳು: ಇಂದಿನ ಮಳೆ ಗೊತ್ತಿಲ್ಲ. ಮಾಪಕಕ್ಕೆ ಪೂಜೆ ಆಗಿದೆ.

ಶಿಬಿರ ತಪ್ಪಿತು. ಬೇರೆ ಶಾಲೆಗಳ ಅಳತೆ ಎಲ್ಲ ಭರ್ತಿಯಾಗಿತ್ತಂತೆ. ಅಲ್ಲಿ ಯಾರೂ ಮಾಪಕಕ್ಕೆ ಪೂಜೆ ಮಾಡಿರಲಿಲ್ಲವೋ ಏನೋ. ನಾನು ಸಮಾಧಾನ ಹೇಳಲು ಹೋದರೆ ನೀಲವ್ವನೇ ಅಂದಳು, "ಮುಂದಿನ ವರ್ಷ ಪೂಜಿಗಿಂತ ಮೊದಲ ಮುಚ್ಚಳ ಹಾಕೂಣ್ರಿ."

ಹೂಂ ಅಂದೆ. ಮನೆಯಲ್ಲಿ ಚಹಾ ಕುಡಿಯುವಾಗ ಹೊಳೆಯಿತು, ನಮ್ಮ ಶಾಲೆ ಇರುವುದೇ ಏಳನೆಯವರೆಗೆ. ಮುಂದಿನ ವರ್ಷ ಅವಳಿರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಬಹಳ ಸಂಕಟವಾಯಿತು, ಚಹಾ ಅರ್ಧಕ್ಕೇ ಬಿಟ್ಟೆ.

ಇಗೋ, ಇವತ್ತು ನಾನು ಮಾಪಕಕ್ಕೆ ಮುಚ್ಚಳ ಹಾಕುವಷ್ಟರಲ್ಲಿ ಶಾಂತಕ್ಕ ತಂಬಿಗೆ ಹಿಡಿದು ಬಂದಳು. ವರ್ಷ ವರ್ಷವೂ ನಮ್ಮಿಬ್ಬರ ಮಾತು ಇಷ್ಟೇ.

"ದೇವರಿಗೆ ಮುಚ್ಚಳ ಮುಚ್ಚತಾರೇನ್ರಿ, ಸರ?"

"ನೀಲವ್ವ ಹೇಳ್ಯಾಳ."

ಆಕೆ ಮುಚ್ಚಳದ ಮೇಲೆಯೇ ನೀರೆರೆದು ಭಂಡಾರ ಹಚ್ಚುತ್ತಾಳೆ. ಅಂದಿನಿಂದ ಅಳತೆ ತಪ್ಪಿಲ್ಲ, ಪ್ರತಿ ವರ್ಷ ನಮ್ಮದೊಂದು ಮಗು ಕಾಡಿಗೆ ಹೋಗಿ ಬರುತ್ತದೆ. ಬಂದವರಿಗೆ ನಾನು ಕೇಳುವುದು ಒಂದೇ, ಅಲ್ಲಿ ಬಿಸಿಲು ನೆಲಕ್ಕೆ ಬೀಳುತ್ತದೆಯೇ? ಒಬ್ಬ ಹೌದೆನ್ನುತ್ತಾನೆ, ಒಬ್ಬಳು ಇಲ್ಲವೆನ್ನುತ್ತಾಳೆ.

ನೀಲವ್ವ ಈಗ ಸವದತ್ತಿಯಲ್ಲಿ ಕಾಲೇಜು ಓದುತ್ತಿದ್ದಾಳೆ, ಬಸ್ ಸ್ಟ್ಯಾಂಡಿನಲ್ಲಿ ಆಗಾಗ ಸಿಗುತ್ತಾಳೆ. ಈ ಸಲ ಆ ಬಿಸಿಲನ್ನು ಕಣ್ಣಾರೆ ನೋಡಿ ಬರಲು ಮಗುವಿನ ಜೊತೆ ನಾನೇ ಕಾಡಿಗೆ ಹೊರಟಿದ್ದೇನೆ. ನೀಲವ್ವನಿಗೆ ಅಂದಾಜು ನಡೆಯುವುದಿಲ್ಲ.