ಮೀನಿಗಿಲ್ಲದ ಶ್ರಾವಣ

ಅಕ್ಕೋರ ಬಲಗೈ ಮಣಿಕಟ್ಟು ದಾಟಿ ಮೀನಿನ ಬಾಯೊಳಗಿತ್ತು. ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಇಳಕಲ್ ಸೀರೆಯ ಸೆರಗು ನೀರಿನ ಮೇಲೆ ಹರಡಿಕೊಂಡು ಅವರ ಸುತ್ತ ತೇಲುತ್ತಿತ್ತು. ಇಷ್ಟನ್ನು ನಾನು ಕಣ್ಣಾರೆ ಕಂಡೆ. ಅಥವಾ ಕಂಡೆನೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಕೊರಳಲ್ಲಿದ್ದ ಲಿಂಗ ಆ ಹೊತ್ತಿನಲ್ಲಿ ಎಲ್ಲಿತ್ತು ಎಂಬುದು ನನಗೆ ಖಚಿತವಿಲ್ಲ. ಒಮ್ಮೆ ನೆನೆದರೆ ಶಿವದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ಇನ್ನೊಮ್ಮೆ ನೆನೆದರೆ ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ. ಲಿಂಗ ಕಟ್ಟಿಕೊಂಡವರು ಜೀವ ಹೋಗುವ ಹೊತ್ತಿನಲ್ಲೂ ಅದನ್ನು ಮೈಯಿಂದ ಅಗಲಿಸುವುದಿಲ್ಲ. ಹಾಗಾಗಿ ನನ್ನ ಎರಡು ನೆನಪುಗಳಲ್ಲಿ ಒಂದು ಸುಳ್ಳು. ಮುಂದೊಂದು ದಿನ ಅವರನ್ನೇ ಕೇಳಿದ್ದೆ. “ನೀ ಅಲ್ಲೇ ನಿಂತಿದ್ದೆಲ್ಲೋ ತಮ್ಮಾ, ನೋಡ್ಲಿಲ್ಲೇನ?” ಅಂದರು. ಉತ್ತರ ಅಷ್ಟೇ.

ಅವರು ಹಾನಗಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಬಹಳ ವರ್ಷ ಕಲಿಸಿ ನಿವೃತ್ತರಾದವರು. ಶಾಲೆಯ ಶಿಕ್ಷಕಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರಾದ್ದರಿಂದ ಊರಿಗೆಲ್ಲ ಅಕ್ಕೋರೇ. ನಾನು ಯಲವಿಗಿಯವನು. ಧಾರವಾಡದಲ್ಲಿ ಇತಿಹಾಸ ಓದಿ, ಹಾನಗಲ್ಲಿನ ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಹೋದಾಗ ಅವರ ಗಂಡ ತೀರಿಕೊಂಡಿದ್ದರು. ಗಂಡನ ಮನೆಯವರ ಕುಚ್ಚಲಕ್ಕಿ ಗಿರಣಿಯೂ ನಿಂತುಹೋಗಿತ್ತು. ಗಿರಣಿಯ ಗುಮಾಸ್ತ ಕೂರುತ್ತಿದ್ದ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟರು. ಹಿಂದಿನ ಮನೆಯಲ್ಲಿ ಅಕ್ಕೋರೂ ಅವರ ಮೈದುನನ ಸಂಸಾರವೂ ಒಂದೇ ಒಲೆಯ ಅನ್ನ ಉಣ್ಣುತ್ತಿದ್ದರು. ಮೈದುನನ ಹೆಂಡತಿ, ಅಂದರೆ ಅಕ್ಕೋರ ನೆಗೆಣ್ಣಿ, ಬಾಯಿ ಜೋರಿನ ಹೆಂಗಸು. ಬೆಳಿಗ್ಗೆ ಅಕ್ಕೋರು ರೊಟ್ಟಿ ಬಡಿಯುವರು, ಆಕೆ ಬೇಯಿಸುವಳು. ಆ ಬಡಿತದ ಸದ್ದು ನಿಲ್ಲುವ ತನಕ ಇಬ್ಬರ ಜಗಳವೂ ನಿಲ್ಲುತ್ತಿರಲಿಲ್ಲ. ಜಗಳವೆಂದರೆ ದ್ವೇಷವಲ್ಲ, ಹೊತ್ತು ಕಳೆಯುವ ಬಗೆ.

ಗಿರಣಿಯೊಳಗೆ ಭತ್ತ ನೆನೆಸುವ ಸಿಮೆಂಟಿನ ತೊಟ್ಟಿಗಳಿದ್ದವು. ಒಂದೊಂದರಲ್ಲೂ ಒಂದು ಎತ್ತಿನ ಗಾಡಿ ನಿಲ್ಲಬಹುದಿತ್ತು. ಅವು ಖಾಲಿ ಬಿದ್ದಿದ್ದಾಗಲೇ ಮೊದಲನೆಯ ಮೀನು ಬಂದದ್ದು.

ಶಿಗ್ಗಾವಿಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬಾತ ಅಕ್ಕೋರ ಹಳೆಯ ವಿದ್ಯಾರ್ಥಿ. ಒಂದು ಮುಂಜಾನೆ ಟಂಟಂ ಗಾಡಿಯಲ್ಲಿ ನೀಲಿ ಡ್ರಮ್ಮು ಹೇರಿಕೊಂಡು ಹೊರಟವನು, ಗಿರಣಿಯ ಬಾಗಿಲಲ್ಲಿ ಅಕ್ಕೋರನ್ನು ಕಂಡು ನಮಸ್ಕಾರ ಮಾಡಲು ಇಳಿದ.

“ಏನೋ ಅದು ಡ್ರಮ್ಮಿನ್ಯಾಗ?”

“ಮೀನ್ರೀ ಅಕ್ಕೋರ. ಹುಬ್ಬಳ್ಳಿಯಿಂದ ತಂದಾಗ ಬೆರಳಿನಷ್ಟ ಇತ್ರಿ. ಅಂಗಡ್ಯಾಗ ಚಂದ ಕಾಣ್ತೈತಿ ಅಂತ ತಂದೆ. ಈಗ ಗಾಜಿನ ಪೆಟ್ಟಿಗ್ಯಾಗ ಹೊಳ್ಳಾಕೂ ಬರವಲ್ದು. ಆನಿಕೆರಿಗೆ ಬಿಡಾಕ ಹೊಂಟೇನ್ರಿ.”

“ತಂದವ ನೀನು. ಕೆರಿ ಏನ್ ತಪ್ಪ ಮಾಡೇತಿ?”

ಅವನು ತಲೆ ಕೆರೆದುಕೊಂಡ. “ಕೊಯ್ಯಾಕ ಮನಸ ಬರವಲ್ದ್ರಿ.”

“ಇಳಸು ಹಂಗಾರ.”

ಅದು ಹೊರದೇಶದ ನದಿಯ ಮೀನು, ಕೆರೆಗೆ ಬಿಟ್ಟರೆ ಅಲ್ಲಿರುವುದನ್ನೆಲ್ಲ ನುಂಗಿ ಹಾಕೀತು ಎಂದೆಲ್ಲ ಅವರು ಆಗ ಯೋಚಿಸಿದ್ದರೆಂದು ನನಗನಿಸುವುದಿಲ್ಲ. ತನ್ನ ಕಸವನ್ನು ಪಕ್ಕದವನ ಮಣೆಯ ಕೆಳಗೆ ತಳ್ಳುವ ಹುಡುಗನನ್ನು ಹಿಡಿದ ಶಿಕ್ಷಕಿಯ ದನಿ ಅದು. ಮೀನು ಎರಡು ಮೊಳ ಉದ್ದವಿತ್ತು. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಕುಂಕುಮದಂಥ ಬಾಲ, ಬಾಯಿಯ ಸುತ್ತ ಆರು ಮೀಸೆ.

ಸುದ್ದಿ ಹಬ್ಬಿತು. ಸವಣೂರಿನ ಹಲ್ಲಿನ ಡಾಕ್ಟರು ತಮ್ಮ ದವಾಖಾನೆಯಲ್ಲಿ ಸಾಕಿದ್ದ ಬೆಳ್ಳಿ ಬಣ್ಣದ ಮೀನನ್ನು ಬಕೆಟ್ಟಿನಲ್ಲಿ ತಾವೇ ಹೊತ್ತು ತಂದರು. ಹಿರೇಕೆರೂರಿನ ಬಟ್ಟೆ ಅಂಗಡಿಯಿಂದ ಮೈತುಂಬ ಚಿಪ್ಪಿನ, ಗೋಡೆಗೆ ಬಾಯಿ ಅಂಟಿಸಿಕೊಂಡಿರುವ ಕರಿ ಮೀನು ಬಂತು. ಅಕ್ಕೋರು ಯಾವುದಕ್ಕೂ ಹೆಸರಿಡಲಿಲ್ಲ, ಬಂದ ಊರಿನಿಂದಲೇ ಕರೆದರು. “ಹಿರೇಕೆರೂರ ಇವತ್ತ ಮಾರೀನ ತೋರಿಸಿಲ್ಲ”, “ಸವಣೂರಿಗೆ ಬಾಳ ಸೊಕ್ಕ ಬಂದೈತಿ” ಎಂದು ಅವರು ಹೇಳಿದರೆ ಹೊಸಬರು ರಾಜಕೀಯದ ಮಾತೆಂದು ತಿಳಿಯುತ್ತಿದ್ದರು. ದಿನಾ ಬೆಳಿಗ್ಗೆ ಹಾಜರಿ. ತೊಟ್ಟಿಯ ಮುಂದೆ ನಿಂತು ಒಂದೊಂದೇ ಊರನ್ನು ಕೂಗುವರು. ಆ ಮೀನು ಕಣ್ಣಿಗೆ ಬೀಳುವ ತನಕ ಮುಂದಿನದನ್ನು ಕೂಗುವುದಿಲ್ಲ. ಮೀನುಗಳೆಲ್ಲ ಒಟ್ಟಿಗಿದ್ದ ತೊಟ್ಟಿಯ ಗೋಡೆ ಒಡೆಸಿ ಅಂಗೈ ದಪ್ಪದ ಗಾಜು ಕೂರಿಸಿದ್ದೂ ಇದಕ್ಕೇ. “ಮ್ಯಾಲಿಂದ ನೋಡಿದ್ರ ಬೆನ್ನಷ್ಟ ಕಾಣ್ತೈತಿ. ಬೆನ್ನ ನೋಡಿ ಯಾರ ಉಂಡಾರು, ಯಾರ ಉಂಡಿಲ್ಲ ಹೆಂಗ ಹೇಳೂದು?”

ನೆಗೆಣ್ಣಿ ನೆರೆಯವರೆದುರು ಆಡಿಕೊಳ್ಳುತ್ತಿದ್ದಳು. “ನಮ್ಮಕ್ಕ ಸಾಲಿ ಬಿಟ್ಟ ಮ್ಯಾಲ ಮೀನಿಗೆ ಸಾಲಿ ತಗದಾಳ್ರಿ. ಎರಡರ ಮಗ್ಗಿ ಬರ್ತೈತೇನ ಕೇಳ್ರಿ.”

“ಬರಂಗಿಲ್ಲ. ಆದ್ರ ನಿನ್ನಂಗ ನಡುವ ಬಾಯಿ ಹಾಕಂಗಿಲ್ಲ ನೋಡು,” ಎನ್ನುವರು ಅಕ್ಕೋರು.

ನಗೆಯ ಕೆಳಗೆ ಒಂದು ಮುಳ್ಳು ಇದ್ದೇ ಇತ್ತು. ಅದು ಮಾಂಸದ ವಾಸನೆ ಕಾಣದ ಮನೆ. ಶಿಗ್ಗಾವಿಯೋ ಮೀನಿನ ತುಂಡಲ್ಲದೆ ಬೇರೆ ಮುಟ್ಟದು. ಅಕ್ಕೋರು ಒಂದು ವ್ಯವಸ್ಥೆ ಮಾಡಿಕೊಂಡಿದ್ದರು. ಬಸ್ ಸ್ಟ್ಯಾಂಡಿನ ಹಿಂದೆ ಮೀನು ಮಾರುವವನು ಗಿರಣಿಯ ಹಿಂಬಾಗಿಲಿಗೆ ಬಂದು, ಹೊರಗೇ ಹೆಚ್ಚಿ, ತಾನೇ ಒಳಗೆ ಬಂದು ತೊಟ್ಟಿಗೆ ಎಸೆದು ಹೋಗಬೇಕು. ಅವನು ಹೋದ ಮೇಲೆ ಇವರು ನೆಲಕ್ಕೆ ನೀರು ಹೊಯ್ಯುವರು. ಮೀನು ಸಾಕಿದ್ದರೇ ಹೊರತು ಮೀನು ಮುಟ್ಟಿರಲಿಲ್ಲ. ಆ ಗೆರೆ ಇರುವ ತನಕ ನೆಗೆಣ್ಣಿಯ ಒಲೆಯ ಮುಂದೆ ಅವರ ಜಾಗಕ್ಕೆ ತೊಂದರೆ ಇರಲಿಲ್ಲ.

ಶ್ರಾವಣ ಬಂತು. ಆ ತಿಂಗಳು ಅಕ್ಕೋರದು ಒಪ್ಪತ್ತಿನ ಊಟ. ಮೀನು ಮಾರುವವನಿಗೆ, “ಇನ್ನ ಒಂದ ತಿಂಗಳ ಬರಬ್ಯಾಡಪ್ಪ,” ಎಂದು ಹೇಳಿ ಕಳಿಸಿದರು. ತೊಟ್ಟಿಗೆ ನೆನೆಸಿದ ಕಡಲೆ, ಗೋಧಿ ಹಿಟ್ಟಿನ ಉಂಡೆ, ಬೇಯಿಸಿದ ಅಲಸಂದೆ ಬಿತ್ತು. ಸವಣೂರು ಮದುವೆ ಊಟ ಉಂಡಂತೆ ಉಂಡಿತು. ಹಿರೇಕೆರೂರಿಗೆ ಹೇಗೂ ಗೋಡೆಯ ಪಾಚಿ ಇತ್ತು. ಶಿಗ್ಗಾವಿ ಉಂಡೆಯನ್ನು ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಇಟ್ಟುಕೊಂಡು, ಹೊರಗೆ ಉಗುಳಿತು.

“ಅಕ್ಕೋರ, ಅದು ಮಾಂಸ ತಿನ್ನೂ ಪ್ರಾಣಿ,” ಅಂದೆ.

“ಗೊತ್ತೈತೋ. ನಮ್ಮ ಮನ್ಯಾಗಿದ್ದ ಮ್ಯಾಲ ನಮ್ಮ ರೀತಿ. ಸಣ್ಣ ಹುಡುಗ್ರೂ ಮೊದಲ ಉಗುಳ್ತಾವ, ಆಮ್ಯಾಲ ಉಣ್ತಾವ.”

ದಿನಗಳು ಹೋದವು. ಶಿಗ್ಗಾವಿ ತಳ ಬಿಟ್ಟು ಮೇಲೆ ಬಂದು ಗಾಜಿನ ಉದ್ದಕ್ಕೂ ಅತ್ತಿತ್ತ ಓಡಾಡತೊಡಗಿತು. ಅಕ್ಕೋರು ಅದರ ಮುಖ ನೋಡುತ್ತ ಬಹಳ ಹೊತ್ತು ನಿಲ್ಲುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ಹಾಜರಿಗೆ ಬಂದವರು ಸವಣೂರನ್ನು ಕೂಗಿದ್ದು ನನಗೆ ಕೋಣೆಯೊಳಗೆ ಕೇಳಿಸಿತು. ಮತ್ತೆ ಕೂಗಿದರು. ಮೂರನೆಯ ಕೂಗು ಬೇರೆ ಥರ ಇತ್ತು. ನಾನು ಓಡಿ ಹೋದಾಗ ಅವರು ತೊಟ್ಟಿಯೊಳಗೆ ಇಳಿದಾಗಿತ್ತು. ಶಿಗ್ಗಾವಿಯ ಬಾಯಿಂದ ಸವಣೂರಿನ ಬಾಲ ಹೊರಗೆ ಚಾಚಿತ್ತು. ನುಂಗಲೂ ಆಗದೆ, ಉಗುಳಲೂ ಆಗದೆ ಶಿಗ್ಗಾವಿಯ ಕಿವಿರು ಅಗಲವಾಗಿ ತೆರೆದು ಹಾಗೇ ನಿಂತಿತ್ತು. ಒಳಗಿದ್ದ ಮೀನಿನ ಈಜುರೆಕ್ಕೆಯ ಮುಳ್ಳು ಗಂಟಲಿಗೆ ನಾಟಿಕೊಂಡಿತ್ತು. ಅಕ್ಕೋರು ಕೈ ಹಾಕಿದರು. ಅದರ ಬಾಯೊಳಗೆ ಹಲ್ಲಿಲ್ಲ, ಸಾಣೆಯಂಥ ಒರಟು. ಅವರು ಮುಳ್ಳನ್ನು ಬೆರಳಿನಿಂದ ಮಡಿಸಿ, ಹಿಂದಕ್ಕೆ ಎಳೆದು, ಸವಣೂರನ್ನು ಹೊರಗೆ ತೆಗೆದರು. ಅದು ಸತ್ತಿತ್ತು. ಶಿಗ್ಗಾವಿ ತಳಕ್ಕೆ ಹೋಗಿ ಒರಗಿತು. ಅಕ್ಕೋರ ಕೈಯ ಚರ್ಮ ಸುಲಿದು, ರಕ್ತ ನೀರಿಗೆ ಇಳಿಯುತ್ತಿತ್ತು. ಅವರ ಮುಖದ ಮೇಲಿನ ನೀರು ತೊಟ್ಟಿಯದೋ ಕಣ್ಣಿನದೋ ಹೇಳಲಾರೆ.

ಹೊರಗೆ ಬಂದು, ಸತ್ತ ಮೀನನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತರು. ನಾನು, “ನುಂಗೂದು ಅದರ ಗುಣ, ಅಕ್ಕೋರ,” ಅಂದೆ.

“ಸವಣೂರನ್ನ ಕೊಂದದ್ದು ಶಿಗ್ಗಾವಿ ಅಲ್ಲೋ,” ಅಂದರು. “ನನ್ನ ಶ್ರಾವಣ.”

ಅವತ್ತೇ ಮೀನು ಮಾರುವವನನ್ನು ಕರೆಸಿದರು. ಅವನು ಎಸೆಯಲು ಕೈ ಎತ್ತಿದಾಗ ತಡೆದು, ಅರಿಸಿನ ಮೆತ್ತಿದ ಕೈಯಲ್ಲೇ ತುಂಡು ತೆಗೆದುಕೊಂಡು ನೀರಿಗೆ ಬಿಟ್ಟರು. ಎರಡು ದಿನ ಶಿಗ್ಗಾವಿ ಮೂಸಲೂ ಇಲ್ಲ. ಮೂರನೆಯ ದಿನ ಎದ್ದು ಬಂದು ನುಂಗಿತು. ಅಲ್ಲಿಂದಾಚೆ ದಿನವೂ ಅವರ ಕೈಯಿಂದಲೇ.

ನೆಗೆಣ್ಣಿ ಅವತ್ತು ಜಗಳ ಮಾಡಲಿಲ್ಲ. ದನಿ ತಗ್ಗಿಸಿ ಹೇಳಿದಳು: “ಅಕ್ಕಾ, ಇನ್ನ ಆ ಕೈಲೆ ಹಿಟ್ಟ ಮುಟ್ಟಬ್ಯಾಡ.”

“ಮುಟ್ಟಂಗಿಲ್ಲ ಬಿಡು.”

ಅಕ್ಕೋರು ಒಂದು ಗ್ಯಾಸಿನ ಒಲೆ ತಂದು ನನ್ನ ಕೋಣೆಯ ಪಕ್ಕದ ಪಡಸಾಲೆಯಲ್ಲಿ ಒಬ್ಬರೇ ಬೇಯಿಸಿಕೊಳ್ಳತೊಡಗಿದರು. ಬೆಳಗಿನ ರೊಟ್ಟಿ ಬಡಿತ ಮನೆಯಲ್ಲಿ ಒಂದು, ಗಿರಣಿಯಲ್ಲಿ ಒಂದು ಕೇಳಿಸುತ್ತಿತ್ತು. ನಡುವೆ ಮಾತಿರಲಿಲ್ಲ. ನೆಗೆಣ್ಣಿ ಗಿರಣಿಯ ಹೊಸ್ತಿಲು ದಾಟುವುದನ್ನು ಬಿಟ್ಟಳು. ಮುಂದಿನ ಶ್ರಾವಣಗಳಲ್ಲೂ ಅಕ್ಕೋರು ಒಪ್ಪತ್ತು ಉಂಡರು. ಮೀನುಗಳು ಎಂದಿನಂತೆ ಉಂಡವು. “ನನ್ನ ಶ್ರಾವಣ ನಂದು. ಮೀನಿಗೆ ಶ್ರಾವಣ ಇಲ್ಲ,” ಎಂದಿದ್ದರು.

ಓದಿದವನ ಚಟ, ನಾನು ಒಮ್ಮೆ ಕೆಣಕಿದೆ. “ಒಂದ ಮೀನ ಉಳಸಾಕ ದಿನಾ ಬ್ಯಾರೆ ಮೀನ ಕೊಯ್ಸೂದು. ಅವೂ ಜೀವ ಅಲ್ಲೇನ್ರಿ?”

ಅವರು ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. “ಹೌದು. ಲೆಕ್ಕ ಕಲಿಸಿದಾಕಿ ನಾ, ಈ ಲೆಕ್ಕ ಕೂಡಂಗಿಲ್ಲ ಅನ್ನೂದು ನನಗ ಗೊತ್ತಿಲ್ಲೇನ? ಕೂಡಂಗಿಲ್ಲಂತ ಇದನ್ನ ಉಪಾಸ ಕೆಡವಲೇನು?”

ಯಾವ ಪ್ರಶ್ನೆಗೂ ಉತ್ತರ ಸಿಗುವ ತನಕ ಕೈ ಕಟ್ಟಿ ಕೂರುವುದು ನನ್ನ ಅಭ್ಯಾಸ. ಆ ಅಭ್ಯಾಸ ಸ್ವಲ್ಪವಾದರೂ ಸಡಿಲವಾಗಿದ್ದರೆ ಅದು ಅವರಿಂದ.

ನನ್ನ ಕಾಲು ಒಂದು ಕಡೆ ನಿಲ್ಲುವುದಲ್ಲ. ಹಾನಗಲ್ ಬಿಟ್ಟು ಶಿಗ್ಗಾವಿಗೆ, ಅಲ್ಲಿಂದ ಹಿರೇಕೆರೂರಿಗೆ ಹೋದೆ. ಆಗಾಗ ಫೋನು ಮಾಡುತ್ತಿದ್ದೆ. ಅವರಿಗೆ ಹೃದಯದ ತೊಂದರೆ ಶುರುವಾದಾಗ ಕೇಳಿದೆ: “ನಿಮಗ ಏನರ ಆದ್ರ ಮೀನ ಯಾರ ನೋಡ್ಕೋತಾರ್ರಿ? ನಿಮ್ಮ ನೆಗೆಣ್ಣಿಗೆ ಒಂದ ಮಾತ ಹೇಳಿಡ್ರಿ.”

“ಹೇಳಂಗಿಲ್ಲೋ ತಮ್ಮಾ,” ಅಂದರು. ಉಸಿರು ಕಟ್ಟುತ್ತಿತ್ತು, ತಡೆದು ತಡೆದು ಮಾತಾಡಿದರು. “ಅಕೀದೂ ಒಂದ ರೀತಿ ಐತಿ. ನನ್ನ ರೀತಿ ಮೀನಿನ ಮ್ಯಾಲ ಹೇರಿದ್ದ ಸಾಕು, ಇನ್ನ ಅಕೀ ಮ್ಯಾಲ ಹೇರ್ಲೇನು?”

ಅವರು ತೀರಿಕೊಂಡದ್ದು ಶ್ರಾವಣದಲ್ಲೇ. ನನಗೆ ಸುದ್ದಿ ತಲುಪುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು. ಫೋನು ಮಾಡಿದ್ದು ಮೊಬೈಲ್ ಅಂಗಡಿಯಾತ. ಅಳುತ್ತ ಒಂದು ಮಾತು ಹೇಳಿದ: ಅವತ್ತು ಮೀನು ಉಪವಾಸ ಬೀಳಲಿಲ್ಲ, ನೆಗೆಣ್ಣಿಯೇ ಹೋಗಿ ತುಂಡು ತಂದು ಹಾಕಿದರು. ನಾನು ನಂಬಲಿಲ್ಲ. ಸತ್ತವರ ಸುತ್ತ ಇಂಥ ಕತೆಗಳು ಮೂರು ದಿನದಲ್ಲಿ ಹುಟ್ಟುತ್ತವೆ; ಹೇಳುವವನಿಗೂ ಬೇಕು, ಕೇಳುವವನಿಗೂ ಬೇಕು. ನೆಗೆಣ್ಣಿಯನ್ನೇ ಕೇಳಲು ಧೈರ್ಯ ಬರಲಿಲ್ಲ. ಮುಂದಿನ ವಾರ ಹಾನಗಲ್ಲಿಗೆ ಹೋದವನು ಬಸ್ ಸ್ಟ್ಯಾಂಡಿನ ಹಿಂದೆ ನಡೆದು, ಮೀನು ಮಾರುವವನ ಮುಂದೆ ನಿಂತೆ. ಮೊಬೈಲ್ ಅಂಗಡಿಯಾತ ಹೇಳಿದ್ದನ್ನು ನಾನು ಬಾಯಿಬಿಡಲಿಲ್ಲ. ಅಕ್ಕೋರು ಹೋದ ದಿನ ಅವರ ಮನೆಯಿಂದ ಯಾರಾದರೂ ಬಂದಿದ್ದರೇ ಎಂದಷ್ಟೇ ಕೇಳಿದೆ.

“ಬಂದಿದ್ರಲ್ರಿ ಸರ,” ಅಂದ ಅವನು. “ಸಾವಿನ ಮನಿ ಅಂತ ನಾ ಗಿರಣಿಗೆ ಹೋಗಿರ್ಲಿಲ್ಲ, ಅಕ್ಕೋರ ನೆಗೆಣ್ಣಿ, ಆ ಸಣ್ಣಕ್ಕಾರ, ಇಲ್ಲಿಗೇ ಬಂದಿದ್ರು. ಮಣ್ಣ ಮಾಡಿ ಬಂದು ಜಳಕ ಮಾಡಿದ್ರು ಕಾಣ್ತೈತಿ, ತಲೀ ನೀರ ಇನ್ನೂ ಇಳೀತಿತ್ತು. ಸೆರಗ ಮೂಗಿಗೆ ಒತ್ತಿ ಹಿಡ್ಕೊಂಡಿದ್ರು. ಎಷ್ಟ ಕೊಡ್ಲಿರಿ ಅಂದೆ. ‘ಅಕ್ಕ ದಿನಾ ಎಷ್ಟ ತಗೋತಿದ್ಲು, ಅಷ್ಟ ಕೊಡು’ ಅಂದ್ರು.”