ಕತ್ತಿ ಯಾರದೋ ತಪ್ಪು ಅವರದು

ಕಾಕಾ ಅವರ ಎಡಗೈಯ ಹೆಬ್ಬೆರಳು ಯಾವಾಗಲೂ ತಣ್ಣಗಿರುತ್ತಿತ್ತು. ಬೇಸಿಗೆಯಲ್ಲಿ ಮುಧೋಳದ ಬಸ್ ನಿಲ್ದಾಣದ ಡಾಂಬರು ಚಪ್ಪಲಿಗೆ ಅಂಟುವ ದಿನಗಳಲ್ಲೂ ಆ ಬೆರಳು ಗಲ್ಲಕ್ಕೆ ತಾಗಿದರೆ ಸಾಕು, ಗಿರಾಕಿಗಳು ಹಾಯೆನಿಸಿ ಕಣ್ಣು ಮುಚ್ಚುತ್ತಿದ್ದರು. ದಿನವಿಡೀ ನೀರು, ನೊರೆ, ಪಟಿಕದ ಹರಳು ಮುಟ್ಟಿ ಮುಟ್ಟಿ ಅದರ ತುದಿ ಬೆಳ್ಳಗೆ ಸುಕ್ಕುಗಟ್ಟಿತ್ತು. ಆ ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಎಳೆದು ಹಿಡಿದು, ಬಲಗೈಯ ಕತ್ತಿಯನ್ನು ಕಿವಿಯ ಬುಡದಿಂದ ಗದ್ದದವರೆಗೆ ಒಂದೇ ಸಲಕ್ಕೆ ಇಳಿಸುತ್ತಿದ್ದರು.

"ದಾಡಿ ಮಾಡೂದು ಎಡಗೈ ತಮ್ಮಾ," ಎನ್ನುತ್ತಿದ್ದರು. "ಬಲಗೈ ಬರೇ ಹೆಸರಿಗೆ."

ಅವರು ನನಗೆ ಸಂಬಂಧದಲ್ಲಿ ಕಾಕಾ ಅಲ್ಲ. ಅವರ ಕಟಿಂಗ್ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ, ಅಷ್ಟೇ. ಇಡೀ ಓಣಿಯೇ ಅವರನ್ನು ಕಾಕಾ ಎನ್ನುತ್ತಿತ್ತು, ನಾನೂ ಅಂದೆ.

ನನ್ನ ಮದುವೆಯಾದ ವರ್ಷ ಜಮಖಂಡಿಯ ಅಂಗಡಿ ಬಿಟ್ಟು ಇವರಲ್ಲಿಗೆ ಬಂದಾಗ, ಕಂಕುಳಲ್ಲಿ ಒಂದು ಬಟ್ಟೆಯ ಗಂಟು ಇತ್ತು. ಅದರಲ್ಲಿ ನನ್ನ ಕತ್ತಿ, ಕತ್ತರಿ, ಬಾಚಣಿಕೆ, ಕೂದಲು ಕತ್ತರಿಸುವ ಮಷಿನ್. ನಮ್ಮ ಕಸುಬಿನ ರೂಢಿಯೇ ಅದು. ಕುರ್ಚಿ, ಕನ್ನಡಿ, ಅಂಗಡಿಯ ಬಾಡಿಗೆ ಮಾಲಕನದು, ಕೈಯಲ್ಲಿ ಹಿಡಿಯುವ ಸಾಮಾನು ಕೆಲಸಗಾರನದು. ಕತ್ತರಿ ಮೊಂಡಾದರೆ ನಾವೇ ಸಾಣೆ ಹಿಡಿಸಬೇಕು, ಮಷಿನ್ ಸುಟ್ಟರೆ ನಾವೇ ಕೊಳ್ಳಬೇಕು. ಅದನ್ನು ಪ್ರಶ್ನೆ ಮಾಡಬಹುದು ಎಂದೂ ನನಗೆ ಹೊಳೆದಿರಲಿಲ್ಲ.

ಕಾಕಾ ಗಂಟು ನೋಡಿದರು. "ಏನಿದು?"

"ನನ್ನ ಸಾಮಾನ್ರಿ."

"ಮನ್ಯಾಗ ಇಟ್ಟು ಬಾ. ಕುರ್ಚಿ ನಂದು, ಕನ್ನಡಿ ನಂದು, ಕತ್ತಿ ಕತ್ತರಿನೂ ನಂದಽ. ಕೈ ಅಷ್ಟ ನಿಂದು."

ನನಗೆ ಅಂಜಿಕೆಯಾಯಿತು. ಇದಕ್ಕೆಂದು ದಿನದ ಗಳಿಕೆಯ ನನ್ನ ಪಾಲಿನಲ್ಲಿ ಕಡಿತ ಮಾಡುತ್ತಾರೇನೋ ಎಂದುಕೊಂಡೆ. ಹಾಗೇನೂ ಆಗಲಿಲ್ಲ. ಅವತ್ತೇ ಪೇಟೆಗೆ ಕರೆದುಕೊಂಡು ಹೋದರು. "ಯಾವ ಕತ್ತರಿ ಕೈಗೆ ಕೂಡತೈತಿ ನೋಡು. ಕೈ ನಿಂದೈತಿ, ನೀನಽ ಆರಿಸು," ಎಂದು ಹೇಳಿ ಕೈ ಬೆನ್ನಿಗೆ ಕಟ್ಟಿ ನಿಂತರು. ನಾನು ಒಂದೊಂದನ್ನೇ ತೆಗೆದು ಮುಚ್ಚಿ ಅದರ ಸದ್ದು ಕೇಳುತ್ತಿದ್ದರೆ ಅಂಗಡಿಯವನಿಗೆ ಬೇಜಾರು. ಕಾಕಾಗೆ ಬೇಜಾರಿಲ್ಲ.

ಊರಿನ ಉಳಿದ ಅಂಗಡಿಗಳ ಮಾಲಕರಿಗೆ ಇದು ಸರಿಬರಲಿಲ್ಲ. ಅವರಲ್ಲೊಬ್ಬರು ದೊಡ್ಡ ಬಾಯಿಯವರು, ಚಹದಂಗಡಿಯಲ್ಲಿ ಸಿಕ್ಕಾಗಲೆಲ್ಲ ಕೆಣಕುತ್ತಿದ್ದರು.

"ಅಲ್ಲೋ ಮಾರಾಯಾ, ನೀ ಹಿಂಗ ಕೊಟ್ಟಿ ಅಂದ್ರ ನಾಳೆ ನಮ್ಮ ಹುಡುಗ್ರೂ ಕತ್ತರಿ ಕೇಳ್ತಾವು. ಆಮ್ಯಾಲ ಮಷಿನ್ ಕೇಳ್ತಾವು. ಆಮ್ಯಾಲ ನಮಗ ಹೆಣ್ಣೂ ನೀವಽ ನೋಡ್ರಿ ಅಂತಾವು!"

"ಹೆಣ್ಣು ಅವರಽ ನೋಡ್ಕೊಳ್ಳಲಿ. ಕತ್ತರಿ ನಾ ನೋಡ್ತೀನಿ," ಎಂದರು ಕಾಕಾ.

"ನಗಬ್ಯಾಡ. ತನ್ನದು ಅಂದ್ರ ಮನಶ್ಯಾ ಜ್ವಾಕಿ ಮಾಡ್ತಾನ. ಮಾಲಕಂದು ಅಂದ್ರ ನೆಲಕ್ಕ ಒಗೀತಾನ. ಖರೆ ಹೌದಲ್ಲ?"

"ಒಗದರ ಒಗೀಲಿ, ಹೊಸಾದು ತರ್ತೀನಿ. ಖರೇ ಮಾತು ಅದಲ್ಲ." ಕಾಕಾ ಕಪ್ಪಿನಡಿಯ ಬಸಿಯಲ್ಲಿ ಉಳಿದ ಚಹ ಕುಡಿದು ಎದ್ದರು. ಖರೆಯ ಮಾತು ಯಾವುದು ಎಂದು ಹೇಳಲಿಲ್ಲ.

ಅದು ನನಗೆ ತಿಳಿದದ್ದು ಒಂದು ಮದುವೆಯ ದಿನ. ನನ್ನ ಪಕ್ಕದ ಕುರ್ಚಿಯಲ್ಲಿ ಗಲಗಲಿಯಿಂದ ಬಂದುಹೋಗುವ ಗೆಳೆಯನೊಬ್ಬ ಕೆಲಸ ಮಾಡುತ್ತಿದ್ದ. ಗಲಗಲಿಯವ ಎಂದೇ ನಾವು ಕರೆಯುವುದು. ಬೆಳಿಗ್ಗೆ ಮದುಮಗನೊಬ್ಬ ಅವನ ಕುರ್ಚಿಯಲ್ಲಿ ಕೂತಿದ್ದ. ಹೊರಗೆ ಜೀಪು ಹಾರ್ನ್ ಹೊಡೆಯುತ್ತಿತ್ತು. ಹುಡುಗ ತಟ್ಟನೆ ಅತ್ತ ಮುಖ ತಿರುಗಿಸಿದ, ಗಲ್ಲದ ಮೇಲೆ ಕತ್ತಿ ಗೀರಿತು. ರಕ್ತ ಹೊಸ ಅಂಗಿಯ ಕಾಲರಿಗೆ ಇಳಿಯಿತು.

ಮದುಮಗನ ಸೋದರಮಾವ ಕೈಯೆತ್ತಿಕೊಂಡೇ ಬಂದರು. "ಯಾಂವಲೇ ಅಂವ, ಮದುವಿ ಮಾರಿಗೆ ಕತ್ತಿ ಹಾಕ್ದಾಂವ?"

ಕಾಕಾ ಅಷ್ಟರಲ್ಲಿ ನಡುವೆ ಬಂದಿದ್ದರು. "ಕತ್ತಿ ನಂದ್ರಿ. ಏನ್ ಅನ್ನೂದೈತಿ ನನಗ ಅನ್ರಿ."

"ಕೊಯ್ದಾಂವ ಅಂವ, ನಿನಗ್ಯಾಕ ಅನ್ನಲಿ?"

"ಕತ್ತಿ ಕೊಟ್ಟಾಂವ ನಾನ್ರಿ."

ಮಾವ ಮನಸಾರೆ ಬೈದರು. ಬೀದಿಯಲ್ಲಿ ಹೋಗುವವರು ನಿಂತು ನೋಡುವಂತೆ ಬೈದರು. ಕಾಕಾ ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಲೇ, ಆ ತಣ್ಣನೆಯ ಹೆಬ್ಬೆರಳಿನಿಂದ ಹುಡುಗನ ಗಲ್ಲಕ್ಕೆ ಪಟಿಕ ಒತ್ತಿ ಹಿಡಿದಿದ್ದರು. ಬೈಗುಳ ನಿಲ್ಲುವ ಮೊದಲೇ ರಕ್ತ ನಿಂತಿತ್ತು. ಕೊನೆಗೆ ಮದುಮಗನೇ, "ಸಾಕ್ ಬಿಡೋ ಮಾಮಾ, ಉರಿಯಾಕತ್ತಿಲ್ಲ," ಎಂದ.

ಅವರು ಹೋದ ಮೇಲೆ ಗಲಗಲಿಯವ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ಕಾಕಾ ಕಿಸೆಯಿಂದ ಚಹದ ರೊಕ್ಕ ತೆಗೆದು ಕೊಟ್ಟರು. "ಚಾ ಕುಡದು ಬಾ ಹೋಗ್," ಎಂದರು. "ಕೈ ನಡುಗತಿದ್ರ ಇವತ್ತ ಬರೇ ಕಟಿಂಗ್ ಮಾಡು."

ಅಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಅವರು ತಮ್ಮ ಕಥೆ ಹೇಳಿದರು. ಹರೆಯದಲ್ಲಿ ಪರರ ಅಂಗಡಿಯಲ್ಲಿ ದುಡಿಯುವಾಗ ಅವರಿಂದಲೂ ಹೀಗೇ ಒಂದು ಗಾಯವಾಗಿತ್ತಂತೆ. ಗಿರಾಕಿ ಮಾಲಕನ ಕಡೆ ತಿರುಗಿದ. ಮಾಲಕ ಕನ್ನಡಿಯಲ್ಲಿ ತನ್ನ ಮೀಸೆ ನೋಡಿಕೊಳ್ಳುತ್ತಲೇ ಅಂದನಂತೆ: "ಕತ್ತಿ ಅವಂದು. ನನಗ ಕೇಳಬ್ಯಾಡ್ರಿ." ಗಿರಾಕಿ ಹೊಡೆದ. ಸಂಜೆ ಕಾಕಾ ಆ ಕತ್ತಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ನಡೆದೇ ಊರು ಸೇರಿದರು.

"ಸಾಮಾನು ನಿಂದು ಅನ್ನೂದು ರೊಕ್ಕ ಉಳಸಾಕ ಅಲ್ಲ ತಮ್ಮಾ," ಎಂದರು. "ಹೆಚ್ಚು ಕಡಿಮಿ ಆದ್ರ ಕೈ ತೊಳಕೊಳ್ಳಾಕ. ಕತ್ತಿ ಯಾರದೋ ತಪ್ಪು ಅವರದು. ಅದಕ್ಕಽ ನಮ್ಮಲ್ಲಿ ಎಲ್ಲಾ ಕತ್ತಿ ನಂದು."

ಆಮೇಲೆ ಅನೇಕ ವರ್ಷ ನಾವು ನಿರ್ಭಯವಾಗಿ ದುಡಿದೆವು. ಹೆದರದ ಕೈ ತಪ್ಪು ಮಾಡುವುದೂ ಕಡಿಮೆ.

ಅವರ ಕೈ ನಡುಗಲು ಶುರುವಾದದ್ದನ್ನು ಮೊದಲು ತೋರಿಸಿಕೊಟ್ಟದ್ದು ಚಹದ ಬಸಿ. ಕಪ್ ಬಸಿಯ ಮೇಲೆ ಕಟಕಟ ಅನ್ನುತ್ತಿತ್ತು. ಕಾಕಾ ಬಸಿ ಬಿಟ್ಟು ಗ್ಲಾಸಿನಲ್ಲಿ ಕುಡಿಯತೊಡಗಿದರು. ಕೆಲಸವಿಲ್ಲದಾಗ ಬಲಗೈಯನ್ನು ಹೆಗಲ ಮೇಲಿನ ಟವೆಲಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದರು. ಡಾಕ್ಟರ ಗುಳಿಗೆಯಿಂದ ಕೆಲವು ತಿಂಗಳು ನಡುಕ ತಗ್ಗಿತು, ಮತ್ತೆ ಬಂತು. ನಾವು ಹೊಸ ಗಿರಾಕಿಗಳನ್ನು ನಮ್ಮ ಕುರ್ಚಿಗೆ ಕರೆದುಕೊಳ್ಳುತ್ತಿದ್ದೆವು. ಹಳಬರು ಒಬ್ಬೊಬ್ಬರಾಗಿ ತಾವೇ ಬಂದು ನಮ್ಮಲ್ಲಿ ಕೂರತೊಡಗಿದರು. ಕಾಕಾ ಅದನ್ನೆಲ್ಲ ನೋಡುತ್ತಿದ್ದರು.

ಒಬ್ಬ ಹಿರಿಯರು ಮಾತ್ರ ಬದಲಾಗಲಿಲ್ಲ. ನಿವೃತ್ತ ಸಾಲಿ ಮಾಸ್ತರರು. ನೇರವಾಗಿ ಬಂದು ಕಾಕಾ ಅವರ ಕುರ್ಚಿಯಲ್ಲೇ ಕೂತು ಮುಖವೆತ್ತಿ ಕಣ್ಣು ಮುಚ್ಚುತ್ತಿದ್ದರು. ಒಂದು ದಿನ ಹಾಗೇ ಬಂದು ಕೂತರು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಎಡಗೈ ಬೆರಳು ಹಿಂದಿನಂತೆಯೇ ಚರ್ಮ ಎಳೆದು ಹಿಡಿಯಿತು. ಬಲಗೈ ಗದ್ದದ ಕೆಳಗೆ ಹೋದಾಗ ಒಮ್ಮೆ ಹಾರಿತು, ರಕ್ತ ಕಂಡಿತು.

ಗಲಗಲಿಯವ ಓಡಿ ಬಂದ. "ಬ್ಲೇಡ್ ಛಲೋ ಇಲ್ರಿ ಕಾಕಾ. ನಿನ್ನೆ ನಾ ತಂದ ಪ್ಯಾಕೆಟ್ಟಽ ಸರಿ ಇಲ್ಲ. ನಂದಽ ತಪ್ಪು."

ಮಾಸ್ತರರೂ ಅಂದರು: "ಏನ್ ಆಗಿಲ್ಲೋ, ನಾನಽ ಮಿಸುಗಾಡ್ದೆ."

"ಸುಳ್ಳ ಹೇಳಬ್ಯಾಡ್ರಿ ಇಬ್ರೂ," ಎಂದರು ಕಾಕಾ. "ಕತ್ತಿ ನಂದು."

ಪಟಿಕ ಹಚ್ಚಿದರು. ಉಳಿದ ಅರ್ಧ ದಾಡಿ ಮಾಡಲು ನನ್ನನ್ನು ಕರೆದರು. ಕತ್ತಿಯನ್ನು ತೊಳೆದು, ಒರೆಸಿ, ಡ್ರಾದಲ್ಲಿಟ್ಟರು. ನಮ್ಮೆಲ್ಲರ ತಪ್ಪಿಗೆ ಮುಂದೆ ನಿಲ್ಲಲು ಅವರಿದ್ದರು. ಅವರ ತಪ್ಪಿಗೆ ಮುಂದೆ ನಿಲ್ಲಲು ನಮ್ಮನ್ನು ಬಿಡಲಿಲ್ಲ.

ಮತ್ತೆ ಅವರು ಕತ್ತಿ ಹಿಡಿಯಲಿಲ್ಲ. ಬೆಂಚಿನ ಮೇಲೆ ಕೂತು ಟವೆಲು ಮಡಚುತ್ತಿದ್ದರು. ಒಮ್ಮೆ ನಾನು, ಬೆಳಗಾವಿಯಲ್ಲಿ ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದೆ. ಅವರು ನಡುಗುವ ಕೈಯನ್ನು ಎತ್ತಿ ಹಿಡಿದು, ಪೇಟೆಯಲ್ಲಿ ಕತ್ತರಿ ನೋಡುವಂತೆ ಅದನ್ನು ನೋಡಿದರು.

"ಇದೊಂದು ನಂದಲ್ಲ ತಮ್ಮಾ. ಕೊಟ್ಟಾಂವ ಬ್ಯಾರೆ ಅದಾನ. ವಾಪಸ್ ತಗೋಳಾಕತ್ತಾನ. ಏನ್ ಅನ್ನಾಕ ಬರತೈತಿ?"

ಹಾಸಿಗೆ ಹಿಡಿದ ಮೇಲೆ ವಾರಕ್ಕೊಮ್ಮೆ ಅವರ ಮನೆಗೆ ಹೋಗಿ ನಾನೇ ದಾಡಿ ಮಾಡುತ್ತಿದ್ದೆ. ಮಾತು ತೊದಲುತ್ತಿತ್ತು. ಆದರೂ ಕೇಳುವುದು ತಪ್ಪುತ್ತಿರಲಿಲ್ಲ: "ಕತ್ತಿ ಅಂಗಡೀದೋ, ನಿಂದೋ?"

"ಅಂಗಡೀದ್ರಿ."

"ಹಂಗಾರ ನಡಿ. ಅಂಜಬ್ಯಾಡ."

ಈ ಸಲದ ಕಬ್ಬಿನ ಹಂಗಾಮಿನಲ್ಲಿ, ಸಮೀರವಾಡಿ ಸಕ್ಕರೆ ಕಾರ್ಖಾನೆಯ ಕಡೆಯಿಂದ ಬರುವ ಗಿರಾಕಿಗಳ ತಲೆಯಲ್ಲಿ ಕಪ್ಪು ಬೂದಿ ಕಾಣಿಸುವ ದಿನಗಳಲ್ಲಿ, ಒಂದು ಬೆಳಿಗ್ಗೆ ಕಾಕಾ ತೀರಿಕೊಂಡರೆಂದು ಅವರ ಮಗ ಫೋನ್ ಮಾಡಿದ. ನಾನೂ ಗಲಗಲಿಯವನೂ ಹೋದೆವು. ಮೈ ತೊಳೆಯುವ ಮೊದಲು ದಾಡಿ ಆಗಬೇಕು ಎಂದು ಹಿರಿಯರು ಹೇಳುತ್ತಿದ್ದರು. ಕಾಕಾ ಅವರ ಹೆಂಡತಿ, ನಮ್ಮ ಕಾಕು, ನನ್ನ ಕೈ ಹಿಡಿದುಕೊಂಡರು. "ನೀನಽ ಮಾಡಪಾ. ಅವರಿಗೆ ಬ್ಯಾರೆ ಕೈ ಸೇರೂದಿಲ್ಲ."

ಮಗ ಅಂಗಡಿಯ ಡ್ರಾದಿಂದ ಕಾಕಾ ಅವರ ಕತ್ತಿಯನ್ನು ತಂದು ಕೊಟ್ಟ. ನಾನು ತೆಗೆದುಕೊಳ್ಳಲಿಲ್ಲ. ತುಸು ತಡೆಯಿರಿ ಎಂದು ಮನೆಗೆ ಹೋಗಿ ಟ್ರಂಕಿನ ತಳದಿಂದ ಗಂಟು ತೆಗೆದೆ. ಮನ್ಯಾಗ ಇಟ್ಟು ಬಾ ಅಂದಿದ್ದರಲ್ಲ, ಇಟ್ಟ ಮೇಲೆ ಬಿಚ್ಚಿರಲಿಲ್ಲ. ಕತ್ತಿಯನ್ನು ತಿಕ್ಕಿ ತೊಳೆದು ಹೊಸ ಬ್ಲೇಡ್ ಹಾಕಿದೆ. ಇವತ್ತು ಏನಾದರೂ ಹೆಚ್ಚು ಕಡಿಮೆಯಾದರೆ ಅದು ಅವರ ಹೆಸರಿಗೆ ಹೋಗಬಾರದಿತ್ತು.

ಗಲಗಲಿಯವ ನೀರಿನ ಬಟ್ಟಲು ಹಿಡಿದು ಕೂತ. ನಾನು ನೊರೆ ಹಚ್ಚಿ, ಎಡಗೈ ಹೆಬ್ಬೆರಳಿನಿಂದ ಗಲ್ಲವನ್ನು ಮೆಲ್ಲಗೆ ಎಳೆದು ಹಿಡಿದೆ. ಅವರ ಬೆರಳಿಗಿಂತಲೂ ಗಲ್ಲ ತಣ್ಣಗಿತ್ತು. ಕಿವಿಯ ಬುಡದಿಂದ ಗದ್ದದವರೆಗೆ ಅವರು ಕಲಿಸಿದಂತೆ ಇಳಿಸಿದೆ. ಗದ್ದದ ಕೆಳಗೆ ಬಂದಾಗ ಕಣ್ಣು ಮಂಜಾಯಿತು, ಕೈ ನಿಲ್ಲಲಿಲ್ಲ. ಚರ್ಮದ ಮೇಲೆ ಸಣ್ಣದೊಂದು ಗೆರೆ ತೆರೆಯಿತು.

ರೂಢಿಯಂತೆ ಪಟಿಕ ತೆಗೆದು ಒತ್ತಿ ಹಿಡಿದೆ. ಬಹಳ ಹೊತ್ತು ಹಿಡಿದೇ ಇದ್ದೆ. ಗಲಗಲಿಯವ ಮೆಲ್ಲಗೆ ನನ್ನ ಮಣಿಕಟ್ಟು ಮುಟ್ಟಿ, "ರಕ್ತ ಬಂದಿಲ್ಲೋ, ಬಿಡು," ಎಂದ.

ನಾನು ಅವರ ಕಿವಿಯ ಹತ್ತಿರ ಬಗ್ಗಿದೆ.

"ಕತ್ತಿ ನಂದ್ರಿ ಕಾಕಾ," ಎಂದೆ.